‘ಕರಪ್ಟ್ ಆಗಿದೆ ಅಂಕಲ್’

ಹೋದ ಭಾನುವಾರ ಹನುಮಂತನಗರದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ದೊಡ್ಡಪ್ಪ ಬೀರುವಿನಿಂದ ಎರಡು ಸಿ.ಡಿ. ತಂದು ಮುಂದಿಟ್ಟರು. “ಎರಡೂ ಹಾಳಾಗಿದೆಯಂತೆ ಕಣೋ. ಎಸೆಯೋ ಮುಂಚೆ ನೀನೊಂದು ಸಲ ನೋಡು” ಅಂದರು. ಒಂದು ನಮ್ಮಕ್ಕನ ಮದುವೆಯದು, 2002ರದ್ದು. ಇನ್ನೊಂದು ದೊಡ್ಡಪ್ಪ ಬರೆದ ಕಥೆಗಳದು. ಚಾಮರಾಜಪೇಟೆಯಲ್ಲಿ ಡಿ.ಟಿ.ಪಿ. ಮಾಡಿಸಿ, 250 ಪ್ರತಿ ಅಚ್ಚು ಹಾಕಿಸಿ, ಮುಕ್ಕಾಲು ಪಾಲು ನೆಂಟರಿಗೆ ಹಂಚಿದ ಪುಸ್ತಕ.

ಹಾಳಾಗಿದೆ ಅಂದವನು ಬೀದಿ ತುದಿಯ ಕಂಪ್ಯೂಟರ್ ಅಂಗಡಿ ಹುಡುಗ. ಡಬಲ್ ಕ್ಲಿಕ್ ಮಾಡಿದ್ದಾನೆ. ‘ಇದನ್ನು ಯಾವುದರಲ್ಲಿ ತೆರೆಯಲಿ?’ ಅಂತ ಕಂಪ್ಯೂಟರ್ ಕೇಳಿದೆ. ಅಷ್ಟಕ್ಕೇ “ಕರಪ್ಟ್ ಆಗಿದೆ ಅಂಕಲ್” ಅಂದು ಐವತ್ತು ರೂಪಾಯಿ ತಗೊಂಡಿದ್ದಾನೆ.

ಈ ಕರಪ್ಟ್ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಕಂಪ್ಯೂಟರ್ ಕೇಳಿದ್ದು ಒಂದು ಪ್ರಶ್ನೆ. ಉತ್ತರ ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಬೇಕು. ಬಾಗಿಲಿಗೆ ಪರಿಚಯ ಇಲ್ಲದವರು ಬಂದರೆ ನಾವೇನು ಮಾಡುತ್ತೇವೆ? “ಯಾವೂರು ನಿಮ್ದು? ಯಾರ ಕಡೆಯವರು?” ಅಂತ ಕೇಳುತ್ತೇವೆ. ಮುಖ ಪರಿಚಯ ಇಲ್ಲ ಅಂದ ಮಾತ್ರಕ್ಕೆ ಸತ್ತಿದ್ದಾರೆ ಅನ್ನಲ್ಲ. ಫೈಲಿಗೂ ಅಷ್ಟೇ. ಹೆಸರಿನ ಕೊನೆಯಲ್ಲಿ, ಚುಕ್ಕಿಯ ಆಚೆ ಇರುವ ಮೂರ್ನಾಲ್ಕು ಅಕ್ಷರದ ಬಾಲ ಗುರುತು ಸಿಗಲಿಲ್ಲವೇ? ಗೂಗಲ್ ಮಾಡುವ ಮೊದಲು ಫೈಲು ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ಕೆಲಸಕ್ಕೆ ಮಾಡಿದ್ದು ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮದುವೆ ಸಿ.ಡಿ.ಯನ್ನೇ ತಗೊಳ್ಳಿ. ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಸೋಮವಾರ ಎಸ್.ಪಿ. ರೋಡಿಗೆ ಹೋಗಿ ಹೊರಗಿನಿಂದ ಸಿಕ್ಕಿಸುವ ಒಂದು ಡ್ರೈವ್ ತಂದೆ. ಸಿ.ಡಿ. ಒಳಗೆ ‘ಎಂಪೆಗ್‌ಎವಿ’ ಅಂತ ಒಂದು ಫೋಲ್ಡರ್. ಅದರಲ್ಲಿ ‘ಎವಿಸೆಕ್01’ ಅಂತ ಒಂದು ದೊಡ್ಡ ಫೈಲು, ಬಾಲ ಡಾಟ್ ಡ್ಯಾಟ್. ಈ ಡ್ಯಾಟ್ ಅಂದರೆ ಸುಮ್ನೆ ‘ಡೇಟಾ’ ಅಂತ. ಊರು ಕೇಳಿದರೆ “ಇಲ್ಲೇ” ಅಂದ ಹಾಗೆ. ಔಟ್‌ಲುಕ್‌ನಿಂದ ಬರುವ ‘ವಿನ್‌ಮೇಲ್ ಡಾಟ್ ಡ್ಯಾಟ್’ ಕೂಡ ಇದೇ ಬಾಲದ್ದು, ಅದರೊಳಗಿರುವುದು ಬೇರೆಯೇ ಸರಕು. ಹಾಗಾಗಿ ಡ್ಯಾಟ್ ಫೈಲ್ ತೆರೆಯುವುದು ಹೇಗೆ ಅಂತ ಹುಡುಕಿದರೆ ತಲೆ ಕೆಡುತ್ತೆ ಅಷ್ಟೇ. ಆದರೆ ಇದು ಮದುವೆ ಸಿ.ಡಿ., ಫೋಲ್ಡರಿನ ಹೆಸರೇ ಎಂಪೆಗ್ ಅಂತಿದೆ. ಎಂಪೆಗ್ ಅನ್ನೋದು ವಿಡಿಯೊದ ಒಂದು ಬಗೆ. ಅಂದರೆ ಇದು ವಿ.ಸಿ.ಡಿ. ಆಗ ಎಲ್ಲರ ಮನೆಯ ಟಿ.ವಿ. ಕೆಳಗೂ ಒಂದು ವಿ.ಸಿ.ಡಿ. ಪ್ಲೇಯರ್ ಇತ್ತಲ್ವಾ, ಅದಕ್ಕೆ ಹಾಕುತ್ತಿದ್ದದ್ದು. ಒಳಗಿರುವುದು ಎಂಪೆಗ್-1 ವಿಡಿಯೊ. ಪ್ಯಾರಿಸ್ಸಿನ ಒಂದು ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ ವಿ.ಎಲ್.ಸಿ. ಪ್ಲೇಯರಿಗೆ ಎಳೆದು ಹಾಕಿದೆ. ನಾದಸ್ವರ ಶುರುವಾಯಿತು. ಚಿತ್ರ 352 ಪಿಕ್ಸೆಲ್ ಅಡ್ಡ, 288 ಪಿಕ್ಸೆಲ್ ಉದ್ದ, ಈಗಿನ ಕಣ್ಣಿಗೆ ಮಂಜು ಮಂಜು. ಆದರೂ ನಮ್ಮ ಸೋದರತ್ತೆ ಬಾಳೆಎಲೆ ಮುಂದೆ ಕೂತು ಕ್ಯಾಮೆರಾ ಕಡೆ ಗುರಾಯಿಸಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

ಊರು ಗೊತ್ತಾಗದಿದ್ದರೆ? ಆಗ ಒಳಗೆ ಇಣುಕಬೇಕು. ಹೋದ ತಿಂಗಳು ಒಂದು ಸೈಟಿನಿಂದ ರಸೀದಿ ಇಳಿಸಿಕೊಂಡೆ. ಬಂದಿದ್ದು ಡಾಟ್ ಎಎಸ್‌ಪಿಎಕ್ಸ್ ಅನ್ನುವ ಬಾಲದ ಫೈಲು. ಅದು ವೆಬ್ ಪುಟದ ಬಾಲ, ರಸೀದಿಯದಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಅಲ್ಲೂ ಅದೇ ಕರಪ್ಟ್ ಮಂತ್ರ. ನೋಟ್‌ಪ್ಯಾಡಿನಲ್ಲಿ ತೆರೆದೆ. ಎಲ್ಲಾ ಕಲಸುಮೇಲೋಗರ, ಆದರೆ ಮೊದಲ ಸಾಲಿನಲ್ಲೇ ಶೇಕಡಾ ಚಿಹ್ನೆ, ಪಕ್ಕದಲ್ಲಿ ‘ಪಿಡಿಎಫ್’ ಅಂತ ಇಂಗ್ಲಿಷ್ ಅಕ್ಷರ. ಅಲ್ಲಿಗೆ ಮುಗಿಯಿತು. ಬಾಲ ಬದಲಿಸಿದೆ, ರಸೀದಿ ತೆರೆಯಿತು.

ಹೀಗೆ ಬಹಳ ಫೈಲುಗಳು ತಮ್ಮ ಜಾತಕವನ್ನು ತಲೆಯಲ್ಲೇ ಹೊತ್ತಿರುತ್ತವೆ. ‘ಪಿಕೆ’ ಅಂತ ಶುರುವಾದರೆ ಜಿಪ್, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಒಂದು ಗಂಟು. ಜಿಪ್ ತಂದ ಫಿಲ್ ಕಾಟ್ಜ್ ಅನ್ನುವವರ ಇನಿಷಿಯಲ್ ಅದು. ‘ಎಂಜೆಡ್’ ಅಂತ ಶುರುವಾದರೆ ವಿಂಡೋಸಿನಲ್ಲಿ ಓಡುವ ಪ್ರೋಗ್ರಾಂ. ಅದು ಮೈಕ್ರೋಸಾಫ್ಟಿನ ಮಾರ್ಕ್ ಜ್ಬಿಕೋವ್‌ಸ್ಕಿ ಹೆಸರಿನ ಅಕ್ಷರ. ಫೋಟೋ ಅಂತ ಕಳಿಸಿದ ಫೈಲು ಹೀಗೆ ಶುರುವಾದರೆ ಮುಟ್ಟಬೇಡಿ, ಅಳಿಸಿ. ಒಂದು ತೊಡಕಿದೆ. ವರ್ಡಿನ ಡಾಕ್ಸ್, ಎಕ್ಸೆಲ್ಲಿನ ಎಕ್ಸ್‌ಎಲ್‌ಎಸ್‌ಎಕ್ಸ್, ಇ-ಪುಸ್ತಕದ ಇ-ಪಬ್, ಆಂಡ್ರಾಯ್ಡ್ ಆಪುಗಳ ಎಪಿಕೆ, ಇವೆಲ್ಲ ಒಳಗೊಳಗೆ ಜಿಪ್ಪೇ. ಎಲ್ಲವೂ ‘ಪಿಕೆ’ ಅಂತಲೇ ಶುರು. ಆಗ ಫೈಲಿನ ಒಂದು ನಕಲು ಮಾಡಿ, ಬಾಲವನ್ನು ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಬೇಕು. ‘ವರ್ಡ್’ ಅಂತ ಫೋಲ್ಡರ್ ಇದ್ದರೆ ಡಾಕ್ಸ್. ‘ಆಂಡ್ರಾಯ್ಡ್ ಮ್ಯಾನಿಫೆಸ್ಟ್’ ಅಂತ ಫೈಲ್ ಕಂಡರೆ ಎಪಿಕೆ. (ಸಿನಿಮಾದಷ್ಟು ದೊಡ್ಡ ಫೈಲನ್ನು ನೋಟ್‌ಪ್ಯಾಡಿಗೆ ತುರುಕಬೇಡಿ, ಅದಕ್ಕೆ ಉಸಿರು ಕಟ್ಟುತ್ತೆ. ಲಿನಕ್ಸ್ ಇರುವವರು ‘ಫೈಲ್’ ಅಂತ ಒಂದೇ ಪದ ಬರೆದು ಪಕ್ಕದಲ್ಲಿ ಫೈಲಿನ ಹೆಸರು ಹಾಕಿದರೆ ಸಾಕು, ಅದೇ ಇಣುಕಿ ಹೇಳುತ್ತೆ.)

ಇನ್ನೊಂದು ಮಾತು. ಬಾಲ ಬದಲಿಸಿದರೆ ಫೈಲು ಬದಲಾಗಲ್ಲ. ನನ್ನ ರಸೀದಿ ತೆರೆದದ್ದು ಅದು ಮೊದಲಿಂದಲೂ ಪಿಡಿಎಫ್ ಆಗಿದ್ದರಿಂದ. ಐಫೋನಿನಿಂದ ಬರುವ ‘ಹೈಕ್’ ಫೋಟೋಗೆ ಜೆಪಿಜಿ ಅಂತ ಹೆಸರಿಟ್ಟರೆ ಅದು ಜೆಪಿಜಿ ಆಗಲ್ಲ, ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ. ಅಳಿಯನಿಗೆ ಹೇಳಿ ಅವನ ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ, ಫಾರ್ಮ್ಯಾಟ್ಸ್ ಅನ್ನುವ ಕಡೆ ‘ಮೋಸ್ಟ್ ಕಂಪ್ಯಾಟಿಬಲ್’ ಹಾಕಿಸಿ.

ನನ್ನ ನಿಜವಾದ ಸಿಟ್ಟು ಇರುವುದು ವಿಂಡೋಸ್ ಮೇಲೆ. ತನಗೆ ಪರಿಚಯ ಇರುವ ಬಾಲಗಳನ್ನು ಅದು ಮುಚ್ಚಿಡುತ್ತೆ. ನೋಡೋಕೆ ಚೆನ್ನಾಗಿರಲಿ ಅಂತಂತೆ! 2000ನೇ ಇಸವಿ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಜಗತ್ತನ್ನೇ ಸುತ್ತಿ ಬಂತು. ಪ್ರೇಮಪತ್ರ ಅಂತ ಹೆಸರು, ಕೊನೆಯಲ್ಲಿ ಡಾಟ್ ಟಿಎಕ್ಸ್‌ಟಿ, ಅದರ ಹಿಂದೆ ಡಾಟ್ ವಿಬಿಎಸ್, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ. ಆ ಕೊನೆಯ ಬಾಲವನ್ನು ವಿಂಡೋಸ್ ಮುಚ್ಚಿಟ್ಟಿತ್ತು. ಜನಕ್ಕೆ ಕಂಡದ್ದು ಬರೀ ಟೆಕ್ಸ್ಟ್ ಫೈಲು. ಇಷ್ಟಾದ ಮೇಲೂ ವಿಂಡೋಸ್ 11ರಲ್ಲಿ ನಾವೇ ಹೋಗಿ ವ್ಯೂ, ಆಮೇಲೆ ಶೋ, ಅದರಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಅಂತ ಟಿಕ್ ಮಾಡಬೇಕು. ಇವತ್ತೇ ಮಾಡಿ. ಹಾವಿನ ಹೆಡೆ ಕಾಣೋ ಹಾಗೆ ಇರಲಿ.

ಈಗ ಅದೇ ಆಟ ವಾಟ್ಸಾಪಿಗೆ ಬಂದಿದೆ. ನಮ್ಮ ಮನೆಯ ಗ್ರೂಪಿನಲ್ಲೂ ಒಮ್ಮೆ ‘ಮದುವೆ ಆಮಂತ್ರಣ’ ಬಂತು, ಬಾಲ ಡಾಟ್ ಎಪಿಕೆ. ಟ್ರಾಫಿಕ್ ಚಲನ್ ಹೆಸರಿನಲ್ಲೂ ಇಂಥವು ಬರುತ್ತವೆ. ಲಗ್ನಪತ್ರಿಕೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು, ವಿಡಿಯೊ ಆಗಿರಬಹುದು. ಆಪ್ ಯಾಕಾಗಿರುತ್ತೆ? ಇನ್‌ಸ್ಟಾಲ್ ಮಾಡಿದರೆ ನಿಮ್ಮ ಎಸ್‌ಎಂಎಸ್ ಓದಿ ಬ್ಯಾಂಕಿನ ಒಟಿಪಿ ಕದಿಯುತ್ತೆ. ನಮ್ಮ ಚಿಕ್ಕಮ್ಮ ಅದನ್ನು ಒತ್ತದೆ ಇದ್ದದ್ದು ಯಾಕೆ ಗೊತ್ತಾ? “ನಮ್ಮಲ್ಲಿ ಈಗ ಯಾರದು ಮದುವೆ? ಆಷಾಢದಲ್ಲಿ?” ಅಂತ ಕೇಳಿದರು. ಎಪಿಕೆ ಅಂದರೆ ಏನು ಅಂತ ಅವರಿಗೆ ಈಗಲೂ ಗೊತ್ತಿಲ್ಲ.

ಇನ್ನು ‘ಯಾವ ಫೈಲ್ ಬೇಕಾದರೂ ತೆರೆದು ಕೊಡುತ್ತೇವೆ’ ಅನ್ನುವ ಸೈಟುಗಳು. ಅಲ್ಲಿಗೆ ಆಧಾರ್, ಕ್ರಯಪತ್ರ, ಸ್ಯಾಲರಿ ಸ್ಲಿಪ್ ಏರಿಸುವವರನ್ನು ಕಂಡರೆ ಅಯ್ಯೋ ಅನಿಸುತ್ತೆ. ದಾರಿಯಲ್ಲಿ ಸಿಕ್ಕವರ ಕೈಗೆ ಮನೆಪತ್ರ ಕೊಟ್ಟು ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಅಂತೀರಾ?

ದೊಡ್ಡಪ್ಪನ ಪುಸ್ತಕದ ಕಥೆ ಉಳಿಯಿತು. ಆ ಫೈಲಿನ ಬಾಲ ಡಾಟ್ ಪಿ65. “ದೊಡ್ಡಪ್ಪ, ಡಿ.ಟಿ.ಪಿ.ಯವರು ಯಾವುದರಲ್ಲಿ ಕೂಡಿಸಿದ್ರು, ನೆನಪಿದೆಯಾ?” ಅಂತ ಕೇಳಿದೆ. “ಪೇಜ್‌ಮೇಕರ್ ಅಂತಿದ್ದ ಕಣೋ. ನುಡಿಯಲ್ಲಿ ಟೈಪ್ ಮಾಡಿದ್ದ” ಅಂದರು. ಪೇಜ್‌ಮೇಕರ್ ಅಂದರೆ ಪುಸ್ತಕದ ಪುಟ ಕೂಡಿಸುವ ತಂತ್ರಾಂಶ, ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. ನೋಡಿ, ಊರೂ ಸಿಕ್ಕಿತು, ಮನೆತನವೂ ಸಿಕ್ಕಿತು. ಪಿ65 ಅಂದರೆ ಪೇಜ್‌ಮೇಕರ್ 6.5. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ, ಅದರ ಬಾಲ ಪಿಎಂಡಿ. ಈಗ ಪೇಜ್‌ಮೇಕರ್ ಬೇಕಾಗಿಲ್ಲ, ಪುಕ್ಕಟೆ ಸಿಗುವ ಲಿಬ್ರೆ ಆಫೀಸಿನ ‘ಡ್ರಾ’ ಇವನ್ನು ಓದುತ್ತೆ. ಪುಟದ ಅಂದ ಸ್ವಲ್ಪ ಕೆಟ್ಟಿತ್ತು, ಅಕ್ಷರ ಎಲ್ಲಾ ಇತ್ತು.

ಆದರೆ ಅಕ್ಷರ ಕನ್ನಡದ್ದಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ಹಾಕಿ ಕೂರಿಸಿದ ಹಾಗೆ. ‘ನ’ ಇರಬೇಕಾದ ಕಡೆ ಬ್ರಿಟನ್ನಿನ ಪೌಂಡ್ ಚಿಹ್ನೆ. ದೊಡ್ಡಪ್ಪನ ಮುಖ ಸಣ್ಣಗಾಯಿತು. “ಆ ಹುಡುಗ ಹೇಳಿದ್ದು ಸರಿ ಅನ್ನು” ಅಂದರು. ಇಲ್ಲ, ಇದೂ ಹಾಳಾಗಿರಲಿಲ್ಲ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಹಾಗೇ ಎದ್ದು ಕಾಣುತ್ತೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ 1991ರಲ್ಲೇ ಸಿಕ್ಕಿತ್ತು, ನಮ್ಮ ಡಿ.ಟಿ.ಪಿ. ಅಂಗಡಿಗಳಿಗೆ ಅದು ಬರೋಕೆ ಬಹಳ ವರ್ಷ ಹಿಡಿಯಿತು. ಹಾಗಾಗಿ ಕನ್ನಡದ ಹಳೇ ಫೈಲಿಗೆ ಎರಡು ಬೀಗ. ಒಂದು ಬಾಲದ್ದು, ಒಂದು ಫಾಂಟಿನದ್ದು. ಈ ಎರಡನೆಯದನ್ನು ಬೇರೆ ಊರಿನ ಯಾವ ಟೆಕ್ ಪಂಡಿತನೂ ನಿಮಗೆ ಹೇಳಿಕೊಡಲ್ಲ.

ಪಠ್ಯವನ್ನೆಲ್ಲ ನಕಲು ಮಾಡಿ, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಹಾಕಿದೆ. ಒಂದು ಗಳಿಗೆಯಲ್ಲಿ ಹನ್ನೊಂದು ಕಥೆಗಳೂ ಕನ್ನಡಕ್ಕೆ ತಿರುಗಿದವು. ಅಲ್ಲಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಹಳೇ ಫಾಂಟಿನಲ್ಲಿ ಅದನ್ನು ಅಕ್ಷರ ಆದಮೇಲೆ ಒತ್ತುತ್ತಿದ್ದರು, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಕನ್ವರ್ಟರ್ ಅಲ್ಲಿ ಎಡವಿತ್ತು.

ಪ್ರಿಂಟ್ ತೆಗೆದು ಕೊಟ್ಟೆ. ದೊಡ್ಡಪ್ಪ ಕನ್ನಡಕ ಏರಿಸಿ, ಕೆಂಪು ಪೆನ್ನು ಹುಡುಕಿ ಕೂತರು. ಮೂರನೇ ಸಾಲಿಗೇ ಸುತ್ತು ಹಾಕಿ, “ಈ ಡಿ.ಟಿ.ಪಿ.ಯವನಿಗೆ ಆಗಲೇ ಹೇಳಿದ್ದೆ, ಅರ್ಕಾವೊತ್ತು ನೋಡಿಕೊಳ್ಳಯ್ಯ ಅಂತ” ಅಂದರು. ಅದು ಅವನ ತಪ್ಪಲ್ಲ ಅಂತ ನಾನು ಇನ್ನೂ ಹೇಳಿಲ್ಲ.