ದೇವ್ರು ಮೊದ್ಲೇ ಅಲ್ಲಿಗೆ ಹೋಗಿದ್ದ

ನಿಮ್ಮ ಬರಹದಾಗ, ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಗೆ ಹೋದ ಯೆಹೂದ್ಯರಿಗೆ ತಿರುಗಿ ಯೆರೂಸಲೇಮಿಗೆ ಬರೋತನ ದೇವರ ಸಾನ್ನಿಧ್ಯ ಸಿಗಲಿಲ್ಲ ಅಂತ ಬರ್ದೀರಲ್ಲ, ಅದೊಂದು ಮಾತು ನಾ ಒಪ್ಪಂಗಿಲ್ರಿ. ಆ ಸೆರೆಯಾಳುಗಳ ಜೋಡಿ ಇದ್ದ ಪ್ರವಾದಿ ಯೆಹೆಜ್ಕೇಲಗ ದೇವರ ದರ್ಶನ ಆಗಿದ್ದು ಬಾಬೆಲಿನ ಕೆಬಾರ್ ಹೊಳಿ ದಂಡಿ ಮ್ಯಾಲ, ಕ್ರಿ.ಪೂ. 593ರ ಸುಮಾರಿಗೆ, ಯೆರೂಸಲೇಮಿನ ದೇವಾಲಯ ಸುಟ್ಟಿದ್ದು 586ರ ಹೊತ್ತಿಗೆ, ಅಂದ್ರ ಗುಡಿ ಇನ್ನೂ ನಿಂತಿದ್ದಾಗ್ಲೇ ದೇವ್ರು ಸೆರೆಯಾಳುಗಳ ಹತ್ರ ಹೋಗಿದ್ದ. ಅವರು ಚದರಿ ಹೋದ ದೇಶದಾಗ ನಾನೇ ಅವರಿಗೆ ಪವಿತ್ರಾಲಯ ಆಗೀನಿ ಅನ್ನೋ ಮಾತು ಬೈಬಲಿನ ಯೆಹೆಜ್ಕೇಲನ ಪುಸ್ತಕದ 11ನೇ ಅಧ್ಯಾಯದಾಗ ಅದ, ನೋಡ್ರಿ.

ನಾವು ದೇವದುರ್ಗ ಕಡೇರು, ಮಳಿ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗಿದ್ವಿ. ಬಿಲ್ಡಿಂಗ್ ಬಾಜೂಕ ತಗಡಿನ ಶೆಡ್ಡು, ನಮ್ಮವ್ವ ದಿನಾ ಕೆಲಸ ಮುಗಿಸಿ ಕೈಗೆ ಹತ್ತಿದ ಸಿಮೆಂಟು ತಿಕ್ಕಿ ತಿಕ್ಕಿ ತೊಳ್ಕೊಂಡು, ಪ್ಲಾಸ್ಟಿಕ್ ಕವರಿನಾಗ ಸುತ್ತಿಟ್ಟ ಬೈಬಲ್ ತೆಗ್ದು ನನ್ನ ಕೈಯಾಗ ಕೊಡ್ತಿದ್ಲು, ಆಕಿಗೆ ಓದಾಕ ಬರ್ತಿದ್ದಿಲ್ಲ, ನಾ ಓದ್ತಿದ್ದೆ, ಆಕಿ ಕಣ್ಣು ಮುಚ್ಚಿ ಕೇಳ್ತಿದ್ಲು, ಮಳಿ ಜೋರಾದ್ರ ತಗಡಿನ ಸಪ್ಪಳಕ್ಕ ಕೇಳಲ್ಲಂತ ಇನ್ನೂ ಹತ್ರ ಸರಿತಿದ್ಲು. ಊರಿನ ಚರ್ಚಿನಾಗ ಕುಂತಾಗ ದೇವ್ರು ಅಷ್ಟು ಹತ್ರ ಅದಾನಂತ ನನಗ ಯಾವತ್ತೂ ಅನಿಸಿದ್ದಿಲ್ಲ. ಊರಿಗೆ ವಾಪಸ್ ಬಂದಮ್ಯಾಲನೂ ಅವ್ವ ಆ ಕವರು ಒಗದಿಲ್ಲ.