ಹೋದ ದಾರ ತಿರುಗಿ ಬರಲಿಲ್ಲ

ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಹೋಗುವಾಗ ಸೂಜಿ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಎಣಿಸುತ್ತ ಒಂದು ಬಿಟ್ಟು ಒಂದು ಗೀಟು ಹಾಕುತ್ತದೆ. ಬರುವಾಗ ಅದೇ ತೂತುಗಳಲ್ಲಿ ಹಾದು ಬಿಟ್ಟ ಜಾಗ ತುಂಬುತ್ತ ಬರುತ್ತದೆ. ಹೋಗಿ ಬಂದರೆ ಗೆರೆ. ಹೋಗಿ ಬಾರದಿದ್ದರೆ ಇರುವೆ ಸಾಲು. ನಮ್ಮ ಮನೆಗಳ ಟ್ರಂಕು, ಅಟ್ಟ, ಮಂಚದ ಕೆಳಗಿನ ಸೂಟ್‌ಕೇಸುಗಳಲ್ಲಿ ಈಗ ಭದ್ರವಾಗಿ ಮಲಗಿರುವುದು ಇರುವೆ ಸಾಲುಗಳೇ.

ಹಾಗಂತ ಹುಮ್ಮಸ್ಸಿಗೆ ಬರ ಬಂದಿದೆ ಅಂತಲ್ಲ. ಅಂಗಡಿಗೆ ಹೋಗಿ ನೋಡಬೇಕು. ಒಂದು ಲಡಿ ದಾರ 8 ಮೀಟರ್, ಅದರಲ್ಲಿ ಆರು ಎಳೆ. ಕಸೂತಿಗೆ ಬೇಕಾದದ್ದು ಒಂದು, ಹೆಚ್ಚೆಂದರೆ ಎರಡು ಎಳೆ. ಎರಡೆರಡಾಗಿ ಬಿಡಿಸಿದರೆ ಒಂದೇ ಲಡಿಯಲ್ಲಿ 24 ಮೀಟರ್ ಸಿಕ್ಕಿತು. ಒಂದು ತುಳಸಿ ಕಟ್ಟೆಯ ಚಿತ್ತಾರಕ್ಕೆ ಇದರಲ್ಲಿ ಸ್ವಲ್ಪ ಭಾಗ ಸಾಕು. ಹವ್ಯಾಸಿ ಕೊಳ್ಳುವುದು 40 ಲಡಿ. ಲೆಕ್ಕ ಹಾಕಿದರೆ 960 ಮೀಟರ್. ಬಸ್ ಸ್ಟ್ಯಾಂಡಿನ ತನಕ ಹಾಸಬಹುದು. ಮನೆಗೆ ಬಂದ ಮೇಲೆ ಪ್ರತಿ ಬಣ್ಣವನ್ನೂ ರಟ್ಟಿನ ತುಂಡಿಗೆ ಸುತ್ತಿ, ಮೇಲೆ ನಂಬರ್ ಬರೆದು, ಖಾನೆಗಳ ಡಬ್ಬಿಯಲ್ಲಿ ತಿಳಿಯಿಂದ ಗಾಢಕ್ಕೆ ಜೋಡಿಸುವ ಕಾರ್ಯಕ್ರಮ. ಇಡೀ ಯೋಜನೆಯಲ್ಲಿ ನೂರಕ್ಕೆ ನೂರು ಮುಗಿಯುವ ಹಂತ ಇದೊಂದೇ.

ಇನ್ನು ಕಾರ್ಯಾಗಾರ. ಬೆಳಿಗ್ಗೆ ಹತ್ತಕ್ಕೆ ದೀಪ ಬೆಳಗುವುದು, ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ. ಕಸೂತಿ ನಮ್ಮ ಹೆಮ್ಮೆ, ಅದಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಇದೆ ಅಂತ ಮೂವರು ಮೂರು ಸಲ ಹೇಳುವಷ್ಟರಲ್ಲಿ ಊಟದ ಹೊತ್ತು. ಸೂಜಿಗೆ ದಾರ ಪೋಣಿಸುವುದು ಎರಡೂವರೆಗೆ, ಪ್ರಮಾಣಪತ್ರ ನಾಲ್ಕಕ್ಕೆ. ನಡುವಿನ ಒಂದೂವರೆ ಗಂಟೆಯಲ್ಲಿ ಗವಂತಿಯ ಹೋಗುವ ಸಾಲು ಆಗುತ್ತದೆ. ಬರುವ ಸಾಲನ್ನು ಮನೆಯಲ್ಲಿ ಮಾಡಿಕೊಳ್ಳಿ ಎನ್ನುತ್ತಾರೆ. ಹೀಗೆ ಹೋಗುವುದು ಮಾತ್ರ ಗೊತ್ತಿರುವ ಕಸೂತಿಗಾರರು ಪ್ರತಿ ನವೆಂಬರಿನಲ್ಲೂ ತಯಾರಾಗುತ್ತಾರೆ.

ಸಮಾರೋಪದಲ್ಲಿ ಅತಿಥಿಗಳಿಗೆ ಹೊದಿಸುವ ಕಸೂತಿ ಶಾಲಿನದು ಇನ್ನೊಂದು ಕಥೆ. ಕೈಯಲ್ಲಿ ಹಾಕಿದ ಗವಂತಿಯಾಗಲಿ, ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿ ಹೊಲಿಗೆಯಾಗಲಿ ಎರಡೂ ಬದಿ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಇರಬಾರದು. ಹಿಂಬದಿ ಮಾಸಿದಂತೆ ಮಂಕಾಗಿದ್ದರೆ ಅದು ಅಚ್ಚು ಹಾಕಿದ್ದು. ಹಿಂದೆಲ್ಲ ಬಾಬಿನ್ನಿನ ಬಿಳಿ ದಾರ, ಅಲ್ಲಲ್ಲಿ ಹರಿದ ಕಾಗದದ ಚೂರು ಅಂಟಿಕೊಂಡಿದ್ದರೆ ಯಂತ್ರದ್ದು. ಇಷ್ಟು ಸುಲಭದ ಪರೀಕ್ಷೆ. ಆದರೆ ಸನ್ಮಾನದ ಶಾಲನ್ನು ತಿರುಗಿಸಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಸಭಾಂಗಣದಲ್ಲಿ ಅಂದು ಮುಗಿದ ಕಸೂತಿ ಅಂತ ಇರುವುದು ಅದೊಂದೇ.

ಹಳೆಯ ಕಾಲದವರು ಕಲಿಯುವವರ ಕೈಗೆ ಮೊದಲು ಪುಟ್ಟ ಚಿಕ್ಕಿ, ಅಂದರೆ ನಕ್ಷತ್ರ, ಕೊಡುತ್ತಿದ್ದರು. ಬಳಿಕ ಗಿಳಿ, ಅದರ ಮೇಲೆ ಗೋಪುರ, ತೇರು. ಈಗಿನವರಿಗೆ ಮೊದಲ ದಿನವೇ ಅಂಬಾರಿ ಹೊತ್ತ ಆನೆ ಬೇಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸುವುದೇ ನಕ್ಷೆ. ಮುರ್ಗಿಯ ಮೆಟ್ಟಿಲಿನಲ್ಲಿ ಗೋಪುರ ಹತ್ತುವಾಗ ಮೂರನೆಯ ಮೆಟ್ಟಿಲಿಗೆ ನಾಲ್ಕರ ಬದಲು ಐದು ಎಳೆ ಹಿಡಿದಿರೋ, ಇಳಿದು ಬುಡಕ್ಕೆ ಬಂದಾಗ ಬಲಗಾಲು ಒಂದು ಎಳೆ ಆಚೆ ತೂಗಾಡುತ್ತದೆ. ತಪ್ಪು ಆಗಿದ್ದು ಮೇಲೆ, ಗೊತ್ತಾಗಿದ್ದು ಕೆಳಗೆ. ಉಪಾಯ ಒಂದೇ: ಸೂಜಿಯ ಕಣ್ಣಿನ ಕಡೆಯಿಂದ ಒಂದೊಂದೇ ಹೊಲಿಗೆ ಎತ್ತುತ್ತ ತಪ್ಪಿದ ಮೆಟ್ಟಿಲಿನ ತನಕ ಬಿಚ್ಚಬೇಕು. ಜಗ್ಗಿದರೆ ಬಟ್ಟೆಯ ಎಳೆ ಸರಿದು ಕಿಂಡಿ ಬೀಳುತ್ತದೆ. ಬಿಚ್ಚಿದ ದಾರ ಜುಂಗಾಗಿರುತ್ತದೆ, ಅದನ್ನು ಮತ್ತೆ ಹಾಕಬಾರದು. ಇಷ್ಟೆಲ್ಲ ಓದಿದ ಹವ್ಯಾಸಿ ಆ ಗೋಪುರವನ್ನು ಮಡಚಿಟ್ಟು ಹೊಸ ಕಿಟ್ ತರಿಸುತ್ತಾರೆ.

ಕಿಟ್ಟಿನ ಮೇಲೆ ‘ವಾರಾಂತ್ಯದ ಹವ್ಯಾಸ’ ಎಂದು ಬರೆದಿರುತ್ತದೆ. ಯಾವ ವಾರದ್ದು ಎಂದು ಬರೆದಿರುವುದಿಲ್ಲ. ಇಂಚಿಗೆ 14 ಚೌಕ ಬರುವ ಬಟ್ಟೆಯಲ್ಲಿ ಒಂದು ಚದರ ಇಂಚಿಗೆ 196 ಮೆಂತಿ ಹೊಲಿಗೆ, ಅಂದರೆ ಗುಣಿಸು ಚಿಹ್ನೆಯಂಥ ಹೊಲಿಗೆ. ಹತ್ತಿಂಚು ಚೌಕವನ್ನು ಪೂರ್ತಿ ತುಂಬಲು 19,600. ಗಂಟೆಗೆ 150 ಹಾಕುವ ಚುರುಕು ಕೈಯಾದರೂ 130 ಗಂಟೆಗೂ ಮೀರಿ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಕೂತರೆ 260 ದಿನಕ್ಕೂ ಹೆಚ್ಚು. ಅದೂ ಕರೆಂಟು ಹೋಗದೆ, ನೆಂಟರು ಬಾರದೆ ಇದ್ದರೆ.

“ಏನ್ರೀ ವೈನಿ, ಆನಿ ಎಲ್ಲಿಗೆ ಬಂತು?”

“ಸೊಂಡಿ ಮುಗದದವಾ, ಕಾಲು ಇನ್ನ ಬರಬೇಕು.”

ಇದು ಕಳೆದ ದಸರೆಯ ಮಾತೂ ಹೌದು, ಈ ದಸರೆಯ ಮಾತೂ ಹೌದು.

ರೇಷ್ಮೆಯ ಮೇಲೆ ಕೈ ಹಾಕಿದವರ ಪಾಡು ಬೇರೆ. ರೇಷ್ಮೆಯಲ್ಲಿ ಎಳೆ ಎಣಿಸಲು ಬರುವುದಿಲ್ಲ. ಹಾಗಾಗಿ ಮೇಲೆ ಜಾಳು ಬಟ್ಟೆಯನ್ನು ಟಾಕಿ ಹಾಕಿ ಕೂಡಿಸಿ, ಎರಡೂ ಸೇರಿಸಿ ಕಸೂತಿ ಹಾಕಿ, ಎಲ್ಲ ಮುಗಿದ ಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ‘ಎಲ್ಲ ಮುಗಿದ ಮೇಲೆ’ ಎಂಬ ಮಾತು ಇಲ್ಲಿ ಬಹಳ ಮುಖ್ಯ. ಮದುವೆಗೆಂದು ತೆಗೆದ ಕಪ್ಪು ಚಂದ್ರಕಾಳಿ ಸೀರೆ ಸೆರಗಿಗೆ ಸೊಳ್ಳೆಪರದೆ ಕಟ್ಟಿಕೊಂಡು ಕೂತಿರುತ್ತದೆ. ಉಡಲೂ ಬಾರದು, ಮಡಚಲೂ ಬಾರದು. ಟ್ಯೂಬ್‌ಲೈಟಿನಲ್ಲಿ ಕಪ್ಪು ಬಟ್ಟೆ ಕಾಣುವುದಿಲ್ಲ ಎಂಬ ನೆಪವೂ ಸಿದ್ಧವಿದೆ. ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡರೆ ತೂತು ಕಾಣುತ್ತವೆ. ಇದನ್ನು ಮಾತ್ರ ಯಾರಿಗೂ ಹೇಳಬೇಡಿ, ನೆಪ ಕಳೆದುಕೊಂಡವರ ಶಾಪ ತಟ್ಟುತ್ತದೆ.

ಅರ್ಧಕ್ಕೆ ಬಿಡುವುದಕ್ಕೂ ಒಂದು ಶಾಸ್ತ್ರ ಇದೆ. ಅದನ್ನೂ ನಾವು ಅರ್ಧವೇ ಪಾಲಿಸುತ್ತೇವೆ. ಬಟ್ಟೆ ಬಿಗಿಯುವ ರಿಂಗನ್ನು ಪ್ರತಿ ರಾತ್ರಿ ಬಿಚ್ಚಿಡಬೇಕು. ಬಿಚ್ಚದೆ ಆರು ತಿಂಗಳು ಬಿಟ್ಟರೆ ಬಟ್ಟೆಯ ಮೇಲೆ ದೂಳಿನ ಚಂದ್ರ ಮೂಡುತ್ತಾನೆ, ಒಗೆದರೂ ಮುಳುಗುವುದಿಲ್ಲ. ಸೂಜಿಯನ್ನು ಅಂಚಿನಾಚೆ ಚುಚ್ಚಿಡಬೇಕು. ಆನೆಯ ಹೊಟ್ಟೆಯಲ್ಲೇ ಬಿಟ್ಟರೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಕಂದು ಕಲೆ. ದಾರ ಖಾಲಿಯಾದರೆ ಅದೇ ನಂಬರಿನದು ಆಮೇಲೆ ತರೋಣ ಎಂದರೆ, ಬೇರೆ ಪಾಕದಲ್ಲಿ ಬಣ್ಣ ಕಟ್ಟಿದ ಲಡಿ ಬಂದು ಆನೆಯ ಮುಂಭಾಗ ಒಂದು ಕೆಂಪು, ಹಿಂಭಾಗ ಒಂದು ಕೆಂಪು ಆಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಗಂಡಾಂತರ ಬೇರೆಯೇ ಇದೆ. ಗಂಟು ಹಾಕಬಾರದು ಎಂಬ ನಿಯಮ ಇರುವುದರಿಂದ ಶುರುವಿನಲ್ಲಿ ದಾರದ ಒಂದು ಬಾಲ ಬಿಟ್ಟಿರುತ್ತೇವೆ. ಆ ಬಾಲ ಗಟ್ಟಿಯಾಗುವುದು ತಿರುಗಿ ಬರುವ ಹೊಲಿಗೆ ಅದನ್ನು ಒತ್ತಿ ಹಿಡಿದಾಗ. ದಾರ ತಿರುಗಿ ಬಾರದಿದ್ದರೆ ಮನೆಯ ಮಗು ಬಾಲ ಹಿಡಿದು ಎಳೆದ ಗಳಿಗೆಯಲ್ಲಿ ಆ ಸಾಲು ಪೂರಾ ಒಂದೇ ಎಳೆಯಾಗಿ ಕೈಗೆ ಬರುತ್ತದೆ.

ಆದರೂ ಅಪೂರ್ಣ ಕಸೂತಿಗಳ ಪ್ರದರ್ಶನವೊಂದನ್ನು ಧೈರ್ಯವಾಗಿ ಏರ್ಪಡಿಸಬಹುದು. ಗವಂತಿಯ ಹೋಗುವ ಸಾಲು ಮುಂದೆ ಎಲ್ಲೆಲ್ಲಿ ಜಾಗ ಬಿಟ್ಟಿದೆಯೋ ಅಲ್ಲೆಲ್ಲ ಬಟ್ಟೆಯ ಹಿಂದೆ ಗೀಟು ಬಿದ್ದೇ ಇರುತ್ತದೆ. ಮುಂದಿನ ಅರ್ಧ, ಹಿಂದಿನ ಅರ್ಧ ಕೂಡಿಸಿದರೆ ಲೆಕ್ಕ ಸರಿಯಾಯಿತು. ಕಾಗದದ ಮೇಲೆ ಮುಗಿದ ಎಷ್ಟೋ ಕಾಮಗಾರಿಗಳಿಗಿಂತ ಇದೇ ವಾಸಿ. ಎರಡೂ ಕಡೆ ಗಾಜು ಹಾಕಿದ ಚೌಕಟ್ಟನ್ನು ಗೋಡೆಗೆ ತಾಗಿಸದೆ ನಡುವೆ ತೂಗುಬಿಟ್ಟು, ಕೆಳಗೆ ಒಂದು ಫಲಕ ಹಾಕಿದರಾಯಿತು: ‘ಆನೆ ಪೂರ್ಣಗೊಂಡಿದೆ. ಉಳಿದರ್ಧ ಹಿಂಬದಿಯಲ್ಲಿದೆ. ದಯವಿಟ್ಟು ಸುತ್ತಿ ಬನ್ನಿ.’