ಬೆಳ್ಳಿಹಬ್ಬಕ್ಕೆ ಬಾಡಿಗೆ ಮಳೆ

ಪೇಪರಿನಲ್ಲಿ ಓದಿಯೇ ಇರುತ್ತೀರಿ, ನಮ್ಮ ವಿಶ್ವವಿದ್ಯಾಲಯಕ್ಕೆ 25 ತುಂಬಿತು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ ಮಾರಾಯ್ರೆ. ಮಂಗಳೂರಿನ ಸುತ್ತಮುತ್ತ ಬಂಗುಡೆಗೆ ಬರ ಬಂದೀತು, ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ.

ಅದು ಹುಟ್ಟಿದ್ದು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ. ಆಟಿಯಲ್ಲಿ ನಮ್ಮ ಕಡೆ ಹೊಸ ಮದುಮಗಳನ್ನೇ ತವರಿಗೆ ಕಳಿಸಿಬಿಡುತ್ತಾರೆ, ಇನ್ನು ಬೆಳ್ಳಿಹಬ್ಬ ಮಾಡುವುದುಂಟೆ? ಹಾಗಾಗಿ ಮೇ ತಿಂಗಳಲ್ಲೇ ಮೂರು ದಿನದ ಬೇಸಿಗೆ ಉತ್ಸವ. ಪರೀಕ್ಷೆ ಮುಗಿಸಿ ವಿದ್ಯಾರ್ಥಿಗಳು ಊರಿಗೆ ಹೋಗಿಯಾಗಿದೆ. ಒಳ್ಳೆಯದೇ ಆಯಿತು. ವಿದ್ಯಾರ್ಥಿಗಳ ಕಿರಿಕಿರಿ ಇಲ್ಲದೆ ವಿಶ್ವವಿದ್ಯಾಲಯ ನಡೆಸಬೇಕು ಎನ್ನುವುದು ಆಡಳಿತದವರ ಬಹಳ ಹಳೆಯ ಆಸೆ.

ಕಾರ್ಯಕ್ರಮ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ರೈನ್ ಡ್ಯಾನ್ಸ್. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಹೊಡೆಯುವ ಊರಲ್ಲಿ, ಮುಂಗಾರಿಗೆ ಇನ್ನು ಮೂರು ವಾರ ಇದೆ ಎನ್ನುವಾಗ, ಟ್ಯಾಂಕರ್ ತರಿಸಿ, ಪೈಪಿಗೆ ತೂತು ಕೊರೆದು, ಮಳೆ ಬರಿಸುತ್ತಾರೆ. ಜೂನ್ ತನಕ ತಡೆದುಕೊಂಡಿದ್ದರೆ ಪುಕ್ಕಟೆ ಬರುತ್ತಿತ್ತು. ಪಂಪ್‌ವೆಲ್ ಸರ್ಕಲಿನಲ್ಲಿ ನಿಂತರೆ ಮೊಣಕಾಲಿನ ತನಕ ಸಿಗುತ್ತಿತ್ತು. ಆದರೆ ಪುಕ್ಕಟೆ ಮಳೆಗೆ ಟೆಂಡರ್ ಕರೆಯಲಾಗುವುದಿಲ್ಲವಲ್ಲ. ಅಲ್ಲೇ ಹಾಸ್ಟೆಲಿನ ನಳ್ಳಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ಗಂಟೆ. ಮಂಗಳೂರಿಗೆ ನೀರು ಕುಡಿಸುವ ತುಂಬೆ ಅಣೆಕಟ್ಟಿನಲ್ಲಿ ಇನ್ನೆಷ್ಟು ಮೀಟರ್ ಉಳಿದಿದೆ ಎಂದು ಬಂಗಾರದ ರೇಟಿನ ಹಾಗೆ ದಿನಾ ಪೇಪರಿನಲ್ಲಿ ನೋಡುವ ಜನ ನಾವು. 2019ರ ಬೇಸಿಗೆಯಲ್ಲಿ ಸರದಿ ಮೇಲೆ ನೀರು ಬಿಟ್ಟದ್ದು ಕೊಡಪಾನ ಹಿಡಿದು ಕಾದವರಿಗೆ ನೆನಪಿದೆ.

ಇನ್ನು ಸನ್ಮಾನ. ಇಲ್ಲಿಯ ಮೇ ತಿಂಗಳ ಸೆಕೆ ಗೊತ್ತಲ್ಲ, ಮಿಂದು ಮೈ ಒರೆಸಿಕೊಳ್ಳುತ್ತಿರುವಾಗಲೇ ಮತ್ತೆ ಬೆವರು. ಅಂಥದ್ದರಲ್ಲಿ ಕೋಟು ತೊಟ್ಟ ಮನುಷ್ಯನ ಮೇಲೊಂದು ಶಾಲು, ಶಾಲಿನ ಮೇಲೆ ಹಾರ, ತಲೆಗೆ ಮೈಸೂರು ಪೇಟ, ಕೈಗೆ ಹಣ್ಣಿನ ಬುಟ್ಟಿ. ಇದನ್ನೇ ಪೊಲೀಸ್ ಠಾಣೆಯಲ್ಲಿ ಮಾಡಿದ್ದರೆ ಮಾನವ ಹಕ್ಕು ಆಯೋಗದವರು ಓಡಿ ಬರುತ್ತಿದ್ದರು. ಬುಟ್ಟಿಯಲ್ಲಿರುವುದು ಸ್ಟಿಕ್ಕರ್ ಅಂಟಿಸಿದ ಸೇಬು. ವೇದಿಕೆಯ ಹಿಂದೆ ಕಾಟು ಮಾವಿನಹಣ್ಣು ಬಿದ್ದು ಕೊಳೆಯುತ್ತಿರುತ್ತದೆ, ಕೇಳುವವರಿಲ್ಲ. ನನ್ನ ಮಾವ, ನಿವೃತ್ತ ಹೆಡ್ಮಾಸ್ಟ್ರು, ಬಂದ ಶಾಲುಗಳನ್ನೆಲ್ಲ ಕಪಾಟಿನಲ್ಲಿ ಮಡಚಿ ಇಟ್ಟಿದ್ದರು, ಒಟ್ಟು 31. ಅವರು ಹೋದ ಮೇಲೆ ಅತ್ತೆ ಒಂದೊಂದನ್ನೇ ಊರಿನ ಸಂಘಗಳಿಗೆ ಕೊಟ್ಟು ಖಾಲಿ ಮಾಡಿದರು. ಹೋದ ವರ್ಷ ಒಂದು ಸಮಾರಂಭದಲ್ಲಿ ನನ್ನ ಹೆಗಲಿಗೂ ಒಂದು ಬಿತ್ತು. ನಶ್ಯದ ಕಲೆ ನೋಡಿ ಮಾವನನ್ನು ಗುರುತು ಹಿಡಿದೆ.

ಇರಲಿ. ಶಾಲು ಹೊದೆಯುವವರು ಮುಖ್ಯ ಅತಿಥಿಗಳು. ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಜಾತಿಯ ಅತಿಥಿಗಳೂ ಇದ್ದಾರೆ, ಅತಿಥಿ ಉಪನ್ಯಾಸಕರು. ತಿಥಿ ನೋಡದೆ ಬರುವವನು ಅತಿಥಿ ಎಂದು ನಮ್ಮ ಸಂಸ್ಕೃತ ಮೇಷ್ಟ್ರು ಹೇಳುತ್ತಿದ್ದರು. ಇಲ್ಲಿ ಅತಿಥಿ ದಿನಾ ಒಂಬತ್ತೂವರೆಗೆ ಸರಿಯಾಗಿ ಬರುತ್ತಾನೆ. ತಿಥಿ ಇಲ್ಲದಿರುವುದು ಅವನ ಗೌರವಧನಕ್ಕೆ. ಒಂದು ಪೀರಿಯಡ್ಡಿಗೆ 1,500, ತಿಂಗಳಿಗೆ 50,000 ರೂಪಾಯಿಯವರೆಗೆ ಕೊಡಬಹುದು ಎಂದು ಯುಜಿಸಿ 2019ರಲ್ಲಿ ಕಾಗದ ಹೊರಡಿಸಿತು. ಕಾಗದ ಚೆನ್ನಾಗಿಯೇ ಇದೆ.

ನನ್ನ ಸ್ನೇಹಿತ ಅಲ್ಲಿ 17 ವರ್ಷದಿಂದ ಅತಿಥಿ. ಜನವರಿಯಿಂದ ಅವನಿಗೆ ಒಂದು ರೂಪಾಯಿ ಬಂದಿಲ್ಲ. ರಜೆಯ ತಿಂಗಳುಗಳಿಗೆ ಹೇಗೂ ಇಲ್ಲ. ಮಗಳ ಫೀಸಿಗೆ ಹೆಂಡತಿಯ ಬಳೆ ಸೊಸೈಟಿಯಲ್ಲಿ ಕುಳಿತಿದೆ. ಆಫೀಸಿಗೆ ಹೋಗಿ ಕೇಳಿದರೆ ಫಂಡ್ ಇಲ್ಲ ಅನ್ನುತ್ತಾರೆ. ಸುಡುಮದ್ದಿಗೆ ಫಂಡ್ ಇದೆ. ಪೈಪಿನ ಮಳೆಗೆ ಇದೆ. ಪಾಠ ಮಾಡಿದವನಿಗೆ ಇಲ್ಲ. ನಾಚಿಕೆ ಆಗುವುದಿಲ್ಲವೋ ಇವರಿಗೆ? ವರ್ಷ ವರ್ಷ ಇದನ್ನೇ ಬರೆದು ನನಗೂ ಸುಸ್ತಾಗಿದೆ.

ನಿನ್ನೆ ಅವನೇ ಫೋನ್ ಮಾಡಿದ. ಉತ್ಸವಕ್ಕೆ ಸ್ವಯಂಸೇವಕನಾಗಿ ಹಾಕಿದ್ದಾರಂತೆ, ಬಿಳಿ ಅಂಗಿಯಲ್ಲಿ ಬರಬೇಕಂತೆ, ಡ್ಯೂಟಿ ರೈನ್ ಡ್ಯಾನ್ಸಿನ ಹತ್ತಿರ.

“ಮಧ್ಯಾಹ್ನಕ್ಕೆ ಊಟದ ಕೂಪನ್ ಉಂಟಂತೆ ಮಾರಾಯ,” ಅಂದ. “ಜನವರಿಯ ಬಾಕಿಯಲ್ಲಿ ಅದನ್ನು ಕಳೆಯುತ್ತಾರೋ ಏನೋ, ಕೇಳಿ ಹೇಳ್ತೇನೆ.”